ಹೆಸರು ಕೇಳದ ಚಿತ್ರ
(ಕೂಟದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವೈದ್ಯರನ್ನು ಮಾತಿಗೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ಉಪದೇಶ ತಪ್ಪಿದ್ದಲ್ಲ ಎಂದು ತಾವೆಲ್ಲ ಅಂದುಕೊಂಡಿರಬಹುದು. ಒಳಗೆ ಹೋಳಿಗೆ ಬಿಸಿಯಾಗುತ್ತಿರುವಾಗ ಅಂಥ ಮಾತಾಡುವ ಧೈರ್ಯ ನಮಗಿಲ್ಲ. ಅದರ ಬದಲು, ನಾವು ಬಂದು ನೆಲೆಸಿರುವ ಈ ಅಮೆರಿಕದ ಕೆಲವು ಹಳೆಯ ಛಾಯಾಚಿತ್ರಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅವು 1930ರ ದಶಕದ ಚಿತ್ರಗಳು. ಅವುಗಳಲ್ಲಿರುವವರು ಬಡವರು, ಊರು ಬಿಟ್ಟು ಗುಳೆ ಹೊರಟವರು.

ಗುಳೆ ಎಂಬ ಮಾತಿನ ಅರ್ಥವನ್ನು ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ ಕಡೆಯವರಿಗೆ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ವಯಸ್ಸಾದವರನ್ನು ಹಿಂದೆ ಬಿಟ್ಟು, ಮಕ್ಕಳುಮರಿ ಪಾತ್ರೆಪಡಗಗಳೊಂದಿಗೆ ಬೆಂಗಳೂರಿಗೋ ಗೋವಾಕ್ಕೋ ಮುಂಬಯಿಗೋ ಕೂಲಿ ಹುಡುಕಿಕೊಂಡು ಹೋಗುವುದೇ ಗುಳೆ. ಸಿರಿವಂತ ದೇಶವೆಂದು ನಾವು ಬಂದ ಈ ನಾಡಿನಲ್ಲಿಯೂ ಒಂದು ಕಾಲಕ್ಕೆ ದೊಡ್ಡ ಗುಳೆ ನಡೆದಿತ್ತು ಎಂಬುದು ನಮ್ಮ ಮಕ್ಕಳಿಗೆ ಶಾಲೆಯ ಪಾಠವಾಗಿ ಗೊತ್ತಿದೆ. ದೊಡ್ಡವರಾದ ನಮಗೆ ಅಷ್ಟಾಗಿ ಗೊತ್ತಿಲ್ಲ.

1929ರಲ್ಲಿ ಷೇರು ಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಸಾಲದ್ದಕ್ಕೆ ಒಕ್ಲಹೋಮ, ಕಾನ್ಸಾಸ್, ಟೆಕ್ಸಸ್ ಕಡೆಯ ಬಯಲು ಸೀಮೆಯಲ್ಲಿ ವರ್ಷಾನುಗಟ್ಟಲೆ ಬರ ಬಿತ್ತು. ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಬೆಳೆದಿದ್ದ ನೆಲ ಒಣಗಿ, ಗಾಳಿಗೆ ಎದ್ದು ಹಾರಿತು. 1935ರ ಏಪ್ರಿಲ್ 14ರಂದು ಎದ್ದ ಧೂಳಿನ ಬಿರುಗಾಳಿ ಹಾಡುಹಗಲನ್ನೇ ಕತ್ತಲು ಮಾಡಿತು. ಧೂಳು ಕುಡಿದು ನ್ಯುಮೋನಿಯಾ ಬಂದು ಮಕ್ಕಳು, ಮುದುಕರು ತೀರಿಕೊಂಡರು. ಒಂದೆಡೆ ಬರ, ಇನ್ನೊಂದೆಡೆ ಗೇಣಿದಾರರನ್ನು ಎಬ್ಬಿಸಿ ಟ್ರಾಕ್ಟರ್ ತಂದ ಜಮೀನ್ದಾರರು. 1940ರ ಹೊತ್ತಿಗೆ ಆ ಬಯಲು ಸೀಮೆಯ ರಾಜ್ಯಗಳನ್ನು ಬಿಟ್ಟು ಹೋದವರು ಸುಮಾರು 25 ಲಕ್ಷ ಮಂದಿ. ಅವರಲ್ಲಿ ಸುಮಾರು 2 ಲಕ್ಷ ಜನ ಹಳೆಯ ಕಾರುಗಳ ಮೇಲೆ ಹಾಸಿಗೆ, ಒಲೆ, ಬಕೆಟ್ಟುಗಳನ್ನು ಹೇರಿಕೊಂಡು ಕ್ಯಾಲಿಫೋರ್ನಿಯಾದ ದಾರಿ ಹಿಡಿದರು.

ಅವರಿಗೆ ಅಲ್ಲಿ ಸಿಕ್ಕ ಸ್ವಾಗತವೇನು? 'ಓಕಿ' ಎಂಬ ಬೈಗುಳ. 1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸರು ತಮ್ಮ ಊರಿನಿಂದ ನೂರಾರು ಮೈಲಿ ದೂರದ ರಾಜ್ಯದ ಗಡಿಗೆ ಹೋಗಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕೆ ಕಳಿಸಿದರು. ಬಂದವರು ಪರದೇಶದವರಲ್ಲ, ಇದೇ ದೇಶದ ಪ್ರಜೆಗಳು. ನಿರ್ಗತಿಕರನ್ನು ರಾಜ್ಯದೊಳಕ್ಕೆ ಕರೆತರುವುದೇ ಅಪರಾಧ ಎಂದಿದ್ದ ಕ್ಯಾಲಿಫೋರ್ನಿಯಾದ ಕಾನೂನನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 1941ರಲ್ಲಿ. ಪಾಸ್‌ಪೋರ್ಟು, ವೀಸಾ, ಡಿಗ್ರಿ ಸರ್ಟಿಫಿಕೇಟುಗಳನ್ನು ಜೋಪಾನವಾಗಿ ಹಿಡಿದು ಬಂದಿಳಿದ ನಾವು ಈ ಮಾತನ್ನು ನೆನಪಿಡುವುದು ಒಳ್ಳೆಯದು. ಕೆಲವೊಮ್ಮೆ ಗಡಿಯಲ್ಲಿ ನೋಡುವುದು ಯಾವ ದೇಶದವರು ಎಂಬುದನ್ನಲ್ಲ, ಜೇಬಿನಲ್ಲಿ ಎಷ್ಟಿದೆ ಎಂಬುದನ್ನು.

ಈ ಜನರಿಗೆ ಸಹಾಯ ಮಾಡಲು ರೂಸ್‌ವೆಲ್ಟ್ ಸರ್ಕಾರ 1935ರಲ್ಲಿ ಒಂದು ಇಲಾಖೆ ತೆರೆಯಿತು. 1937ರಲ್ಲಿ ಅದಕ್ಕೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂದು ಹೆಸರಾಯಿತು. ರೈತರಿಗೆ ಸಾಲ, ಗುಳೆ ಬಂದವರಿಗೆ ಶಿಬಿರ, ಬಡ ಕುಟುಂಬಗಳಿಗೆ ಕಡಿಮೆ ಖರ್ಚಿನ ವೈದ್ಯಕೀಯ ಯೋಜನೆ ಎಲ್ಲವೂ ಅದರ ಕೆಲಸ. ಆದರೆ ಇದಕ್ಕೆಲ್ಲ ಹಣ ಮಂಜೂರು ಮಾಡಬೇಕಾದವರು ವಾಷಿಂಗ್ಟನ್ನಿನಲ್ಲಿದ್ದರು, ತೆರಿಗೆ ಕೊಡುವವರು ಪಟ್ಟಣಗಳಲ್ಲಿದ್ದರು. ಕಣ್ಣಾರೆ ಕಾಣದೆ ಅವರು ನಂಬುವುದು ಹೇಗೆ? ಅದಕ್ಕಾಗಿ ರಾಯ್ ಸ್ಟ್ರೈಕರ್ ಎಂಬ ಅಧಿಕಾರಿಯ ಕೈಕೆಳಗೆ ಛಾಯಾಗ್ರಾಹಕರ ಒಂದು ತಂಡ ಕಟ್ಟಲಾಯಿತು. ವಾಕರ್ ಇವಾನ್ಸ್, ಡಾರೊತಿಯ ಲ್ಯಾಂಗ್, ಆರ್ಥರ್ ರಾತ್‌ಸ್ಟೀನ್, ಬೆನ್ ಶಾನ್, ರಸೆಲ್ ಲೀ, ಮೇರಿಯನ್ ಪೋಸ್ಟ್ ವಾಲ್ಕಾಟ್, ಗೋರ್ಡನ್ ಪಾರ್ಕ್ಸ್ ಮೊದಲಾದವರು ದೇಶವನ್ನೆಲ್ಲ ಸುತ್ತಿ ತೆಗೆದ ಸುಮಾರು 1,75,000 ನೆಗೆಟಿವ್‌ಗಳು ಇಂದು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಸರ್ಕಾರದ ಹಣದಲ್ಲಿ ತೆಗೆದವಾದ್ದರಿಂದ ಅವು ಸಾರ್ವಜನಿಕರ ಸೊತ್ತು. ನಾವೂ ನಮ್ಮ ಮಕ್ಕಳೂ ದಮ್ಮಡಿ ಕೊಡದೆ ಮನೆಯಲ್ಲೇ ಕುಳಿತು ನೋಡಬಹುದು.

ಆ ತಂಡದ ಡಾರೊತಿಯ ಲ್ಯಾಂಗ್ ಹುಟ್ಟಿದ್ದು 1895ರಲ್ಲಿ. ಏಳನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿ ಬಲಗಾಲು ಜೀವನಪೂರ್ತಿ ಕುಂಟಾಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶ್ರೀಮಂತರ ಭಾವಚಿತ್ರ ತೆಗೆಯುವ ಸ್ಟುಡಿಯೋ ಆಕೆಯದು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಸ್ಟುಡಿಯೋದಿಂದ ಬೀದಿಗಿಳಿದು, ಊಟಕ್ಕಾಗಿ ಸಾಲುಗಟ್ಟಿ ನಿಂತವರನ್ನು ಚಿತ್ರಿಸತೊಡಗಿದರು. 1936ರ ಮಾರ್ಚಿನ ಮೊದಲ ದಿನಗಳಲ್ಲಿ ಒಂದು ತಿಂಗಳ ತಿರುಗಾಟ ಮುಗಿಸಿ ಮಳೆಯಲ್ಲಿ ಮನೆಗೆ ಮರಳುತ್ತಿದ್ದಾಗ, ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಕೀಳುವವರ ಶಿಬಿರದ ಫಲಕ ಕಣ್ಣಿಗೆ ಬಿತ್ತು. ನಿಲ್ಲಿಸದೆ ಸುಮಾರು 20 ಮೈಲಿ ಮುಂದೆ ಹೋದವರು, ಮನಸ್ಸು ತಡೆಯದೆ ಕಾರು ತಿರುಗಿಸಿ ಹಿಂದಕ್ಕೆ ಬಂದರು. ಬಟಾಣಿ ಬೆಳೆ ಹಾಳಾಗಿ ಕೆಲಸವಿಲ್ಲದೆ ಸಾವಿರಾರು ಜನ ಅಲ್ಲಿ ಸಿಕ್ಕಿಬಿದ್ದಿದ್ದರು. ಹರಕು ಡೇರೆಯಡಿ ಕುಳಿತಿದ್ದ ಒಬ್ಬ ತಾಯಿಯ ಕೆಲವು ಚಿತ್ರಗಳನ್ನು ತೆಗೆದು ಹೊರಟರು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.

ಆ ಚಿತ್ರಗಳಲ್ಲಿ ಒಂದನ್ನು ನಾವೆಲ್ಲರೂ ನೋಡಿದ್ದೇವೆ. ಭುಜಗಳಿಗೆ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು, ಗಲ್ಲಕ್ಕೆ ಕೈಯೊಡ್ಡಿ ದೂರ ನೋಡುತ್ತಿರುವ ತಾಯಿ. 'ಮೈಗ್ರಂಟ್ ಮದರ್' ಎಂದು ಪ್ರಸಿದ್ಧವಾದ ಚಿತ್ರ ಅದು. ಸ್ಯಾನ್ ಫ್ರಾನ್ಸಿಸ್ಕೊದ ಪತ್ರಿಕೆಯಲ್ಲಿ ಈ ಶಿಬಿರದ ಸುದ್ದಿ, ಚಿತ್ರಗಳು ಬಂದ ಕೂಡಲೇ ಸರ್ಕಾರ 20,000 ಪೌಂಡು ಆಹಾರ ಕಳಿಸಿತು. ಒಂದು ಚಿತ್ರ ಇಷ್ಟು ಬೇಗ ಹಸಿದವರಿಗೆ ಅನ್ನ ತಂದ ಉದಾಹರಣೆಗಳು ಕಡಿಮೆ. ಆದರೆ ಆ ಆಹಾರ ಬರುವ ವೇಳೆಗೆ ಆ ತಾಯಿ ಮತ್ತು ಮಕ್ಕಳು ಕೆಲಸ ಹುಡುಕಿಕೊಂಡು ಮುಂದಿನ ಊರಿಗೆ ಹೋಗಿಬಿಟ್ಟಿದ್ದರು.

ಇಲಾಖೆಯ ಕಡತದಲ್ಲಿ ಆ ಚಿತ್ರಕ್ಕಿರುವ ಟಿಪ್ಪಣಿ ಹೀಗೆ: ನಿರ್ಗತಿಕ ಬಟಾಣಿ ಕೂಲಿಗಳು, ಏಳು ಮಕ್ಕಳ ತಾಯಿ, ವಯಸ್ಸು 32. ವೈದ್ಯರಾದ ನಮಗೆ ಈ ಒಕ್ಕಣೆ ಚಿರಪರಿಚಿತ. ರೆಸಿಡೆನ್ಸಿಯಲ್ಲಿ ಪ್ರತಿದಿನ ಬೆಳಿಗ್ಗೆ ರೋಗಿಯ ವಿಚಾರ ಹೀಗೆಯೇ ಒಪ್ಪಿಸುತ್ತೇವೆ: ವಯಸ್ಸು ಇಷ್ಟು, ಹೆಂಗಸು, ಇಷ್ಟು ಮಕ್ಕಳು, ಇಂಥ ತೊಂದರೆ. ಆದರೆ ಅದಕ್ಕೂ ಮುಂಚೆ ಎಂಬಿಬಿಎಸ್‌ನಲ್ಲಿ ನಮ್ಮ ಮೇಷ್ಟರುಗಳು ಕಲಿಸಿದ್ದು ಬೇರೆ. ಕೇಸ್ ಶೀಟಿನ ಮೊದಲ ಸಾಲು ಹೆಸರು, ಆಮೇಲೆ ವಯಸ್ಸು, ಊರು, ಉದ್ಯೋಗ. ಹೆಸರು ಕೇಳದೆ ನಾಡಿ ಹಿಡಿಯಬೇಡಿ ಎನ್ನುತ್ತಿದ್ದರು. ಅದು ಬರೀ ಶಿಷ್ಟಾಚಾರವಲ್ಲ. ಹೆಸರು ಗೊತ್ತಿದ್ದರೆ ತಾನೇ ನಾಳೆ ಆ ಮನುಷ್ಯ ಹೇಗಿದ್ದಾನೆ ಎಂದು ವಿಚಾರಿಸಲು ಸಾಧ್ಯ?

ಲ್ಯಾಂಗ್ ಆ ತಾಯಿಯ ಹೆಸರು ಕೇಳಲಿಲ್ಲ. 1960ರಲ್ಲಿ ಬರೆದ ಲೇಖನದಲ್ಲಿ ಅವರೇ ಹಾಗೆಂದಿದ್ದಾರೆ. ಹೆಸರಿಲ್ಲದ ಕಡೆ ಕಥೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಕಾರಿನ ಟೈರುಗಳನ್ನು ಮಾರಿ ಆಹಾರ ಕೊಂಡಿದ್ದರೆಂದು ಲ್ಯಾಂಗ್ ಬರೆದರು. ಹಾಗಾಗಿರಲಿಲ್ಲ, ಕಾರು ಕೆಟ್ಟಿದ್ದರಿಂದ ಅಲ್ಲಿ ನಿಲ್ಲಬೇಕಾಯಿತು ಎಂದು ಮನೆಯವರು ಮುಂದೆ ಹೇಳಿದರು. ಒಕ್ಲಹೋಮದಿಂದ ಬಂದ ಬಿಳಿಯ ರೈತ ತಾಯಿಯೆಂದು ಇಡೀ ದೇಶ ನಂಬಿತು. ನಿಜದಲ್ಲಿ ಆಕೆ ಹುಟ್ಟಿನಿಂದ ಚೆರೋಕಿ, ಅಂದರೆ ಈ ನೆಲದ ಮೂಲನಿವಾಸಿಗಳ ಕುಲದವರು. ಚಿತ್ರ ಹೊರಬಿದ್ದು 42 ವರ್ಷಗಳಾದ ಮೇಲೆ, 1978ರಲ್ಲಿ, ಮೊಡೆಸ್ಟೊ ಪಟ್ಟಣದ ಪತ್ರಕರ್ತರೊಬ್ಬರು ಆಕೆಯನ್ನು ಪತ್ತೆ ಮಾಡಿದರು. ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಆಕೆಗೆ ಸಂತೋಷವಿರಲಿಲ್ಲ, ಸಿಟ್ಟಿತ್ತು. ಚಿತ್ರದಿಂದ ತಮಗೆ ಒಂದು ಕಾಸೂ ಬಂದಿಲ್ಲ, ಪ್ರತಿಯೊಂದನ್ನು ಕಳಿಸುತ್ತೇವೆ ಎಂದವರು ಕಳಿಸಲಿಲ್ಲ ಎಂದರು. ಸರ್ಕಾರಿ ನೌಕರಿಯಲ್ಲಿದ್ದ ಲ್ಯಾಂಗ್ ಅವರಿಗೂ ಆ ಚಿತ್ರದಿಂದ ರಾಯಧನ ಬರಲಿಲ್ಲ ಎಂಬುದನ್ನೂ ಹೇಳಬೇಕು. 1983ರಲ್ಲಿ ಥಾಂಪ್ಸನ್ ಹಾಸಿಗೆ ಹಿಡಿದಾಗ ಚಿಕಿತ್ಸೆಯ ಖರ್ಚಿಗೆ ಮಕ್ಕಳು ಸಾರ್ವಜನಿಕರ ಸಹಾಯ ಬೇಡಬೇಕಾಯಿತು. ಪತ್ರಗಳೊಂದಿಗೆ 30,000 ಡಾಲರಿಗೂ ಮಿಕ್ಕಿ ಹಣ ಬಂತು. ಅದೇ ವರ್ಷ ಆಕೆ ತೀರಿಕೊಂಡರು. ತಾಯಿಯ ಚಿತ್ರವನ್ನು ನಾಚಿಕೆಯ ವಿಷಯವೆಂದುಕೊಂಡಿದ್ದ ಮಕ್ಕಳಿಗೆ ಆ ಪತ್ರಗಳನ್ನು ಓದಿದ ಮೇಲೆ ಅಭಿಮಾನ ಮೂಡಿತಂತೆ.

ಇದನ್ನೆಲ್ಲ ಹೇಳುವುದು ಲ್ಯಾಂಗ್ ಅವರನ್ನು ದೂರಲು ಖಂಡಿತ ಅಲ್ಲ. ಹಿಂದಕ್ಕೆ ಕಾರು ತಿರುಗಿಸಿದ ಆ ಮನಸ್ಸು ದೊಡ್ಡದು. ನಾವು ಹೇಳಬೇಕೆಂದಿರುವುದು ಇಷ್ಟೇ: ನೋಡುವುದು ಅರ್ಧ ಕೆಲಸ, ಕೇಳುವುದು ಇನ್ನರ್ಧ.

ಆ ಇನ್ನರ್ಧವನ್ನು ಮಾಡಿದವರೂ ಅದೇ ಇಲಾಖೆಯಲ್ಲಿದ್ದರು. 1942ರಲ್ಲಿ ಗೋರ್ಡನ್ ಪಾರ್ಕ್ಸ್ ಎಂಬ ಕಪ್ಪು ಜನಾಂಗದ ತರುಣ ಅಲ್ಲಿಗೆ ಬಂದರು. ವಾಷಿಂಗ್ಟನ್ನಿನ ಅಂಗಡಿ, ಹೋಟೆಲುಗಳಲ್ಲಿ ತಮಗಾದ ಅವಮಾನದಿಂದ ನೊಂದಿದ್ದ ಅವರಿಗೆ, ಈ ಕಟ್ಟಡದಲ್ಲಿ ಕಸ ಗುಡಿಸುವ ಆ ಹೆಂಗಸಿನೊಂದಿಗೆ ಮೊದಲು ಮಾತಾಡು ಎಂದು ಸ್ಟ್ರೈಕರ್ ಸೂಚಿಸಿದರು. ಪಾರ್ಕ್ಸ್ ಕುಳಿತು ಮಾತಾಡಿದರು. ಹೆಸರು ಎಲ್ಲಾ ವಾಟ್ಸನ್. ರಾಷ್ಟ್ರಧ್ವಜದ ಮುಂದೆ ಕಸಬರಿಕೆ ಹಿಡಿದು ನಿಂತ ಆಕೆಯ ಚಿತ್ರ ಪ್ರಸಿದ್ಧವಾಯಿತು. ಆದರೆ ಪಾರ್ಕ್ಸ್ ಅಲ್ಲಿಗೇ ನಿಲ್ಲಿಸಲಿಲ್ಲ. ಆಕೆಯ ಮನೆ, ಮೊಮ್ಮಕ್ಕಳು, ಚರ್ಚು ಎಲ್ಲ ಕಡೆ ಹೋದರು. ವರ್ಷಕ್ಕೆ 1,080 ಡಾಲರ್ ಸಂಬಳದಲ್ಲಿ ಆಕೆ ಸಂಸಾರ ತೂಗಿಸುವುದನ್ನು ಬರೆದಿಟ್ಟರು. ಆ ಚಿತ್ರಗಳನ್ನು ನೋಡಿದವರು 'ಬಡವಿ' ಎನ್ನುವುದಿಲ್ಲ, 'ಶ್ರೀಮತಿ ವಾಟ್ಸನ್' ಎನ್ನುತ್ತಾರೆ.

ಹೆಸರು ಹೇಳದಿರುವುದಕ್ಕೂ ಕಾರಣವಿರಬಹುದು. 1936ರಲ್ಲಿ ವಾಕರ್ ಇವಾನ್ಸ್ ಮತ್ತು ಲೇಖಕ ಜೇಮ್ಸ್ ಏಜಿ ಅಲಬಾಮದ ಮೂರು ಗೇಣಿದಾರ ಕುಟುಂಬಗಳೊಂದಿಗೆ ಕಾಲ ಕಳೆದು, 1941ರಲ್ಲಿ ಪುಸ್ತಕ ತಂದಾಗ ಅವರ ಹೆಸರುಗಳನ್ನು ಬದಲಿಸಿದರು. ವೈದ್ಯರೂ ರೋಗಿಯ ಹೆಸರನ್ನು ಹೊರಗೆ ಹೇಳುವುದಿಲ್ಲ. ಆದರೆ ಹೆಸರನ್ನು ಮುಚ್ಚಿಡುವುದು ಬೇರೆ, ಹೆಸರನ್ನು ಕೇಳದೇ ಇರುವುದು ಬೇರೆ.

ನಮ್ಮ ನಾಡಿಗೂ ಈ ಮಾತು ಸಲ್ಲುತ್ತದೆ. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಅಜ್ಜಂದಿರ ಅಜ್ಜಂದಿರು ಕಂಡಿದ್ದರು. 1871ರಲ್ಲಿ 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಅದೇ ಬರದಲ್ಲಿ ಮದರಾಸು ಪ್ರಾಂತ್ಯದಲ್ಲಿ ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮೂಳೆಚಕ್ಕಳವಾದವರನ್ನು ಗುಂಪಾಗಿ ಕೂರಿಸಿ ಚಿತ್ರ ತೆಗೆದ. ತೆಗೆದವನ ಹೆಸರು ಉಳಿದಿದೆ, ಕುಳಿತವರದು ಒಂದೂ ಉಳಿದಿಲ್ಲ. ಇನ್ನು 2020ರ ಲಾಕ್‌ಡೌನ್ ದಿನಗಳಲ್ಲಿ, ಗಂಟು ಹೊತ್ತು ಹೆದ್ದಾರಿಯಲ್ಲಿ ನಡೆದು ಊರಿಗೆ ಹೊರಟ ಕೂಲಿಕಾರರ ಚಿತ್ರಗಳನ್ನು ಇಲ್ಲಿ ನಮ್ಮ ಫೋನುಗಳಲ್ಲೇ ನೋಡಿದೆವು, ಮರುಗಿದೆವು, ಬೆರಳಾಡಿಸಿ ಮುಂದಕ್ಕೆ ಹೋದೆವು. ಅಂಥ ಕೈಗಳೇ ಬೆಂಗಳೂರಿನಲ್ಲಿ ನಮ್ಮಲ್ಲನೇಕರು ಕೊಂಡ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊತ್ತದ್ದು. ಕಟ್ಟಡ ಏಳುವವರೆಗೆ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದ ಸಂಸಾರದ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನಾವೂ ಊರು ಬಿಟ್ಟು ಬಂದವರೇ. ಆದರೆ ನಮ್ಮದು ಗುಳೆಯಲ್ಲ. ಹೊಸದಾಗಿ ಬಂದಾಗ ಕಷ್ಟಗಳಿದ್ದವು ನಿಜ. ಆದರೂ ಊರಿಗೆ ಯಾವ ಫೋಟೋ ಕಳಿಸಬೇಕೆಂದು ಆರಿಸುವ ಹಕ್ಕು ನಮ್ಮ ಕೈಲಿತ್ತು. ಕಾರಿಗೆ ಒರಗಿ ನಿಂತದ್ದು, ಮೊದಲ ಹಿಮದಲ್ಲಿ ನಕ್ಕದ್ದು ಇವನ್ನು ಕಳಿಸಿದೆವು. ಒಂಟಿ ಕೋಣೆ, ತಣ್ಣನೆಯ ಅನ್ನಗಳ ಚಿತ್ರ ಕಳಿಸಲಿಲ್ಲ. ಬಡವರಿಗೆ ಇಲ್ಲದ್ದು ಈ ಹಕ್ಕೇ. ಅವರ ಅತ್ಯಂತ ಕೆಟ್ಟ ದಿನವನ್ನು ಬೇರೆಯವರು ಆರಿಸುತ್ತಾರೆ, ಜಗತ್ತು ಅದನ್ನೇ ಅವರ ಇಡೀ ಬಾಳು ಎಂದುಕೊಳ್ಳುತ್ತದೆ. ನಿಪೋಮೊದ ಆ ತಾಯಿ ಆಮೇಲೆ ದುಡಿದು ಮಕ್ಕಳನ್ನೆಲ್ಲ ಸಾಕಿದ್ದು ಯಾವ ಅಂಚೆಚೀಟಿಯ ಮೇಲೂ ಬರಲಿಲ್ಲ. 1998ರಲ್ಲಿ ಅಂಚೆ ಇಲಾಖೆ ಅಚ್ಚು ಹಾಕಿದ್ದು ಅದೇ ಹತ್ತು ನಿಮಿಷವನ್ನು.

ಆದ್ದರಿಂದ ಒಂದೆರಡು ಸಣ್ಣ ಕೋರಿಕೆಗಳು. ಮಕ್ಕಳೊಂದಿಗೆ ಕುಳಿತು ಆ ಸಂಗ್ರಹದ ಚಿತ್ರಗಳನ್ನು ನೋಡಿ, ಟಿಪ್ಪಣಿಯಲ್ಲಿ ಹೆಸರಿದೆಯೇ ಎಂದು ಹುಡುಕಲು ಹೇಳಿ. ಮುಂದಿನ ಬಾರಿ ಊರಿಗೆ ಹೋದಾಗ ಹಳೆಯ ಆಲ್ಬಮ್ ತೆಗೆಸಿ. ಮದುವೆಯ ಗುಂಪಿನ ಚಿತ್ರದ ಅಂಚಿನಲ್ಲಿ, ಅರ್ಧ ಕತ್ತರಿಸಿ ಹೋದಂತೆ ನಿಂತ ಆಳು, ಅಡುಗೆಯವರು, ಎತ್ತು ಹೊಡೆಯುವವರು ಇದ್ದೇ ಇರುತ್ತಾರೆ. ಅವರ ಹೆಸರು ಬಲ್ಲ ಹಿರಿಯರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಬರೆದಿಡಿ. ನಮ್ಮ ಮನೆ ಸ್ವಚ್ಛ ಮಾಡಲು, ಹುಲ್ಲು ಕತ್ತರಿಸಲು ಇಲ್ಲಿ ಬರುವವರೂ ಯಾವುದೋ ಊರು ಬಿಟ್ಟು ಬಂದವರೇ. ಅವರನ್ನೂ ಹೆಸರಿಡಿದು ಮಾತಾಡಿಸೋಣ.

ಈ ಸ್ಮರಣ ಸಂಚಿಕೆಯಲ್ಲಿ ನಮ್ಮೆಲ್ಲರ ಚಿತ್ರಗಳು ಅಚ್ಚಾಗುತ್ತವೆ. ಕೆಳಗೆ ಎಂದಿನಂತೆ 'ಎಡದಿಂದ ಬಲಕ್ಕೆ, ಕುಳಿತವರು, ನಿಂತವರು' ಎಂದು ಹೆಸರುಗಳಿರುತ್ತವೆ. ಒಂದು ಹೆಸರು ಬಿಟ್ಟುಹೋದರೂ ಸಂಪಾದಕರಿಗೆ ಆ ರಾತ್ರಿಯೇ ಫೋನು ಬರುತ್ತದೆ, ಬರಬೇಕಾದ್ದೇ. ನಮಗೆ ಸಹಜವೆನಿಸುವ ಆ ಮರ್ಯಾದೆ ಎಲ್ಲರಿಗೂ ಸಲ್ಲಬೇಕಾದದ್ದು ಎಂದಷ್ಟೇ ಹೇಳಿ, ಹೋಳಿಗೆಗೂ ನಿಮಗೂ ನಡುವೆ ಇನ್ನು ನಿಲ್ಲದೆ, ಮಾತು ಮುಗಿಸುತ್ತೇವೆ.