ಗದ್ದೆಯ ಪಾಚಿಯ ಲೆಕ್ಕಾಚಾರ

(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಎಲೆಕ್ಟ್ರಾನ್ ಕಳೆದುಕೊಂಡರೆ ಉತ್ಕರ್ಷಣ, ಪಡೆದರೆ ಅಪಕರ್ಷಣ. ಇದನ್ನು ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೀರಿ. ಭದ್ರಾವತಿಯವರಿಗೆ ಇದು ಮನೆಯ ಮಾತು. ಇಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕಬ್ಬಿಣವಾಗಿಸುತ್ತಿದ್ದರು. ಅದು ಅಪಕರ್ಷಣ. ಗೇಟಿಗೆ ಹಿಡಿಯುವ ತುಕ್ಕು ಉತ್ಕರ್ಷಣ. ಇದೇ ಕೊಡು-ಕೊಳ್ಳುವಿಕೆ ಶಿವಮೊಗ್ಗದ ಸುತ್ತಲಿನ ಭತ್ತದ ಗದ್ದೆಯ ನೀರಿನಲ್ಲೂ ನಡೆಯುತ್ತದೆ.

ಆ ನೀರಿನ ಮೇಲೆ ಕಾಣುವ ನೀಲಿ-ಹಸಿರು ಪಾಚಿ ನಿಜವಾಗಿ ಬ್ಯಾಕ್ಟೀರಿಯಾ, ಹೆಸರು ಸಯನೋಬ್ಯಾಕ್ಟೀರಿಯಾ. ಇವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ ಎಂದು 1939ರಲ್ಲೇ ಪಿ.ಕೆ. ಡೇ ಅವರು ಭಾರತದ ಗದ್ದೆಗಳ ಅಧ್ಯಯನದಿಂದ ತೋರಿಸಿದರು. ಅಂದರೆ ಇವು ರೈತನ ಬಿಟ್ಟಿ ಗೊಬ್ಬರ.

ಈಗ ಆಷಾಢದ ಮೋಡವನ್ನು ನೆನೆಯಿರಿ. ಮಂದ ಬೆಳಕು, ಥಟ್ಟನೆ ಮೋಡ ಸರಿದು ಸುಡು ಬಿಸಿಲು. ಪಾಚಿಯೊಳಗೆ ಬೆಳಕು ಹಿಡಿಯುವ ಎರಡು ಯಂತ್ರಗಳಿವೆ. ಎರಡನೇ ದ್ಯುತಿವ್ಯವಸ್ಥೆ ನೀರಿನಿಂದ ಎಲೆಕ್ಟ್ರಾನ್ ತೆಗೆಯುತ್ತದೆ. ಅದು ಪ್ಲಾಸ್ಟೋಕ್ವಿನೋನ್ ಎಂಬ ಸಾಗಣೆದಾರನ ಮೂಲಕ ಒಂದನೇ ದ್ಯುತಿವ್ಯವಸ್ಥೆಗೆ ಹೋಗುತ್ತದೆ. ಬಿಸಿಲು ಹೆಚ್ಚಿದರೆ ಸೇತುವೆಯ ಮೇಲೆ ವಾಹನ ಕಿಕ್ಕಿರಿದಂತೆ ಎಲೆಕ್ಟ್ರಾನ್‌ಗಳು ತುಂಬಿಕೊಳ್ಳುತ್ತವೆ. ಹೀಗೇ ಬಿಟ್ಟರೆ ಅಪಾಯಕಾರಿ ಆಮ್ಲಜನಕ ರೂಪಗಳು ಹುಟ್ಟಿ ಕೋಶ ಹಾಳಾಗುತ್ತದೆ.

ಪಾಚಿ ಏನು ಮಾಡುತ್ತದೆ? ಬೆಳಕು ಹಿಡಿಯುವ ವರ್ಣಕಗಳ ಜೀನ್‌ಗಳ ಕೆಲಸ ತಗ್ಗಿಸುತ್ತದೆ. ಬಿಸಿಲಿಗೆ ಬೇಗ ಕೆಡುವ ಡಿ-1 ಎಂಬ ಪ್ರೋಟೀನಿನ ಜೀನ್‌ನ ಕೆಲಸ ಹೆಚ್ಚಿಸಿ, ಕೆಟ್ಟುದನ್ನು ಬದಲಿಸುತ್ತದೆ. ಜೀನ್‌ಗೆ ಸುದ್ದಿ ಮುಟ್ಟಿಸುವವರು ಯಾರು? ಸಿನೆಕೋಸಿಸ್ಟಿಸ್ ಎಂಬ ಜೀವಿಯ ಇಡೀ ಜೀನೋಮನ್ನು 1996ರಲ್ಲಿ ಜಪಾನಿನವರು ಓದಿದ ಮೇಲೆ ಉತ್ತರ ಸಿಗತೊಡಗಿತು. ಅದರಲ್ಲಿ ಪೆಡ್‌ಆರ್ ಎಂಬ ಪುಟ್ಟ ಪ್ರೋಟೀನ್ ಮಂದ ಬೆಳಕಿನಲ್ಲಿ ಹರಿತ್ತು ತಯಾರಿಸುವ ಜೀನ್‌ಗಳನ್ನು ಚುರುಕಾಗಿಡುತ್ತದೆ. ಬೆಳಕು ಏರಿದಾಗ ಥಯೋರೆಡಾಕ್ಸಿನ್ ಅದಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಅದರ ಆಕಾರ ಬದಲಾಗಿ, ಕೆಲಸ ನಿಲ್ಲುತ್ತದೆ. ಇಲ್ಲಿ ಸಂದೇಶ ಒಯ್ದದ್ದು ಬೆಳಕಲ್ಲ, ಎಲೆಕ್ಟ್ರಾನ್.

ಇದನ್ನು ತಿಳಿದು ನಮಗೇನು ಎನ್ನಬೇಡಿ. ಕಬ್ಬಿಗೆ ಬಳಸುವ ಡಯುರಾನ್ ಎಂಬ ಕಳೆನಾಶಕ ಪ್ಲಾಸ್ಟೋಕ್ವಿನೋನ್‌ಗೆ ಎಲೆಕ್ಟ್ರಾನ್ ಹೋಗುವ ದಾರಿಯನ್ನೇ ಮುಚ್ಚುತ್ತದೆ. ಯಾವ ಜೀನ್ ಎಲೆಕ್ಟ್ರಾನ್ ಹರಿವಿಗೆ ಓಗೊಡುತ್ತದೆಂದು ಪತ್ತೆಮಾಡಲು ವಿಜ್ಞಾನಿಗಳು ಬಳಸುವುದೂ ಅದನ್ನೇ. ಅದು ಕಳೆ ಯಾವುದು, ಪಾಚಿ ಯಾವುದು ಎಂದು ನೋಡುವುದಿಲ್ಲ. ಗದ್ದೆಯ ನೀರಿಗೆ ಸೇರಿದರೆ ಬಿಟ್ಟಿ ಗೊಬ್ಬರ ಕೊಡುವವನ ಉಸಿರನ್ನೂ ಕಟ್ಟಬಲ್ಲದು. ಡಬ್ಬಿಯ ಮೇಲಿನ ಪ್ರಮಾಣ ಓದಿ ಮನೆಯವರಿಗೆ ಹೇಳಬಲ್ಲವರು ಓದಿದ ನೀವೇ.

ಹತ್ತನೇ ತರಗತಿ ಮುಗಿದೊಡನೆ ವಿಜ್ಞಾನ ಕಷ್ಟವೆಂದು ಕೈಬಿಡುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ನಮ್ಮಲ್ಲಿ ಇದ್ದಾರೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ; ದೂರದ ನೆಪ ಬೇಡ. ಪೋಷಕರೇ, ಓದುವ ಮಗಳನ್ನು ತಡೆಯಬೇಡಿ. ಕಣ್ಣಿಗೆ ಕಾಣದ ಜೀವಿಯೂ ಬೆಳಕು ಬದಲಾದಾಗ ತನ್ನನ್ನು ತಿದ್ದಿಕೊಳ್ಳುತ್ತದೆ. ನಮ್ಮಿಂದ ಅಷ್ಟಾದರೂ ಆಗಬೇಡವೇ?