ಪರದೆಯಿಲ್ಲದ ಸರ್ವರ್‌ನಲ್ಲಿ ಚಿತ್ರರೂಪದ ತಂತ್ರಾಂಶ



ಪ್ರಶ್ನೆಪತ್ರಿಕೆಯನ್ನು ಮುದ್ರಣಕ್ಕೆ ಅಣಿಗೊಳಿಸುವ ಸರ್ವರ್‌ಗೆ ಸಾಮಾನ್ಯವಾಗಿ ಪರದೆಯಿರುವುದಿಲ್ಲ. ಆದರೆ ವಿಂಡೋಗಳನ್ನು ಬಿಡಿಸಿಯೇ ಕೆಲಸ ಮಾಡುವ ತಂತ್ರಾಂಶಕ್ಕೆ ಪರದೆ ಬೇಕೇ ಬೇಕು. ದೊರೆಯದಿದ್ದರೆ ‘ಡಿಸ್‌ಪ್ಲೇ ತೆರೆಯಲಾಗಲಿಲ್ಲ’ ಎಂದು ತಿಳಿಸಿ ನಿಂತುಬಿಡುತ್ತದೆ.

ಇದರ ಮೂಲವಿರುವುದು ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಅದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಬಂದು, ಲಿನಕ್ಸ್ ಯಂತ್ರಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಇಲ್ಲಿ ತಂತ್ರಾಂಶವು ತಾನೇ ಚಿತ್ರ ಬಿಡಿಸದು, ಬಿಡಿಸಿಕೊಡೆಂದು ಕೇಳುತ್ತದೆ. ಬಿಡಿಸುವುದು ಪರದೆಯನ್ನು ಆಳುವ ಇನ್ನೊಂದು ತಂತ್ರಾಂಶ. (ವಿಚಿತ್ರವೆಂದರೆ ಅದನ್ನೂ ಸರ್ವರ್ ಎಂದೇ ಕರೆಯುತ್ತಾರೆ, ವಿದ್ಯಾರ್ಥಿಗಳು ಗೊಂದಲಗೊಂಡರೆ ಅವರ ತಪ್ಪಲ್ಲ.) ಕೇಳುವುದು ಬೇರೆ, ಬಿಡಿಸುವುದು ಬೇರೆಯಾದುದರಿಂದಲೇ ಉಪಾಯವೊಂದು ಸಾಧ್ಯವಾಯಿತು: ಬಿಡಿಸುವ ಜಾಗದಲ್ಲಿ ಎಕ್ಸ್‌ವಿಎಫ್‌ಬಿಯನ್ನು ಕೂರಿಸುವುದು. ಅದು ಗಾಜಿನ ಪರದೆಗೆ ಬದಲಾಗಿ ಗಣಕದ ಸ್ಮೃತಿಯಲ್ಲಿಯೇ ಚಿತ್ರವನ್ನು ಬರೆದಿಡುತ್ತದೆ. 1024 ಬಿಂದು ಅಗಲ, 768 ಬಿಂದು ಎತ್ತರದ ಪರದೆಗೆ, ಬಿಂದುವಿಗೆ 4 ಬೈಟ್‌ನಂತೆ, ಸುಮಾರು 3 ಮೆಗಾಬೈಟ್ ಸಾಕು. ಕೇಳಿದ ತಂತ್ರಾಂಶಕ್ಕೆ ವ್ಯತ್ಯಾಸ ತಿಳಿಯದು.

ಲಿಬ್ರೆಆಫೀಸ್‌ಗೆ ಇಷ್ಟೂ ಬೇಡ. ‘ಹೆಡ್‌ಲೆಸ್’ ಎಂಬ ಆದೇಶವಿತ್ತರೆ ಪರದೆಯ ಹಂಗಿಲ್ಲದೆ ಕಡತವನ್ನು ಪಿಡಿಎಫ್ ಮಾಡಿಕೊಡುತ್ತದೆ.

ಕನ್ನಡದ ಕಷ್ಟವಿರುವುದು ಬೇರೆಡೆ. ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಕೆಲಸ ನಿಲ್ಲುವುದಿಲ್ಲ. ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಮೂಡುತ್ತವೆ, ಅಷ್ಟೆ. ಗಡಿಯಾಚೆಯ ರಾಜ್ಯದ ಯಂತ್ರದಲ್ಲಿ ಆ ರಾಜ್ಯದ ಲಿಪಿಯನ್ನಷ್ಟೇ ಹಾಕಿರಬಹುದು. ಕಡತ ನೇರವಾಗಿ ಮುದ್ರಣಾಲಯಕ್ಕೆ ಹೋದರೆ ಆ ಚೌಕಗಳನ್ನು ಮೊದಲು ಕಾಣುವುದು ಪರೀಕ್ಷೆಗೆ ಕುಳಿತ ಮಗು. ಲೋಹಿತ್ ಕನ್ನಡ, ನೋಟೊ ಸಾನ್ಸ್ ಕನ್ನಡ ಎರಡೂ ಉಚಿತ. ಅವುಗಳಲ್ಲೊಂದನ್ನು ಹಾಕುವಂತೆ ಲಿಖಿತವಾಗಿ ಕೇಳಿ, ಒತ್ತಕ್ಷರಗಳು ತುಂಬಿದ ಮಾದರಿ ಪುಟವೊಂದನ್ನು ಮುಂಚಿತವಾಗಿ ತರಿಸಿ ಓದಿ ನೋಡುವುದು ಆಯಾ ಶಾಲೆಯ ಕನ್ನಡ ಅಧ್ಯಾಪಕರ ಕೆಲಸವೇ ಆಗಿದೆ.