ಓಟು ಜೂಜಿನ ಪಣವಲ್ಲ



ಸ್ಥಳೀಯ ಚುನಾವಣೆಗೆ ನಿಲ್ಲುವವರು ಹೇಗೆ ನಡೆದುಕೊಳ್ಳಬೇಕು ಅನ್ನೋದರ ಬಗ್ಗೆ ನಾಲ್ಕು ಮಾತು ಹೇಳ್ತೀನಿ. ನಮ್ಮ ಊರಿನ ಹೆಸರಲ್ಲೇ ಜೂಜು ಇದೆಯಲ್ಲಪ್ಪಾ ಅಂತ ಹೊರಗಿನವರು ತಮಾಷೆ ಮಾಡ್ತಾರೆ. ಮಾಡಲಿ. ಚುನಾವಣೆ ಬಂದಾಗ ಮಾತ್ರ ಆ ತಮಾಷೆ ನಿಜ ಆಗಬಾರದು.

ಜೂಜುವಾಡಿ ಮೊದಲು ಪಂಚಾಯಿತಿಯಾಗಿತ್ತು. ಆಮೇಲೆ ಹೊಸೂರು ನಗರಸಭೆಗೆ ಸೇರಿತು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆ ಆಯ್ತು. 2022ರ ಫೆಬ್ರವರಿ 19ರಂದು ಪಾಲಿಕೆಯ 45 ವಾರ್ಡುಗಳಿಗೆ ಮೊದಲ ಚುನಾವಣೆ ನಡೆಯಿತು. ಬೋರ್ಡು ಬದಲಾಯ್ತು, ನಮ್ಮ ಬೇಡಿಕೆ ಬದಲಾಗಲಿಲ್ಲ. ಕುಡಿಯುವ ನೀರು, ಚರಂಡಿ, ಬೀದಿ ದೀಪ, ಸ್ಮಶಾನಕ್ಕೆ ದಾರಿ. ಇವನ್ನೆಲ್ಲ ಕೇಳೋದು ಕೌನ್ಸಿಲರ್ ಹತ್ರಾನೇ. ಅದಕ್ಕೇ ಈ ಸಣ್ಣ ಚುನಾವಣೆ ನಮ್ಮ ಪಾಲಿಗೆ ದೊಡ್ಡದು.

ಸ್ಥಳೀಯ ಸಂಸ್ಥೆಗಳಲ್ಲಿ ನಮಗೆ ಮೀಸಲು ಸ್ಥಾನ ಸಿಕ್ಕಿದ್ದು ಸಂವಿಧಾನದ 73 ಮತ್ತು 74ನೇ ತಿದ್ದುಪಡಿಯಿಂದ. ಕಾಗದದ ಮೇಲೆ ಬಂದಿದ್ದು ಊರೊಳಗೆ ಬರೋಕೆ ಜೀವಗಳು ಹೋದವು. ಮಧುರೈ ಜಿಲ್ಲೆಯ ಮೇಲವಳವು ಪಂಚಾಯಿತಿ 1996ರಲ್ಲಿ ದಲಿತರಿಗೆ ಮೀಸಲಾಯಿತು. ಬೆದರಿಕೆಗೆ ಹೆದರದೆ ನಿಂತು ಅಧ್ಯಕ್ಷರಾದ ಮುರುಗೇಶನ್ ಅವರನ್ನು 1997ರ ಜೂನ್ 30ರಂದು ಜೊತೆಗಾರರ ಸಮೇತ ಕೊಂದುಹಾಕಿದರು. ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿ, ನಾಟ್ಟಾರ್‌ಮಂಗಲಂ ಊರುಗಳಲ್ಲಿ ಹತ್ತು ವರ್ಷ ನಮ್ಮವರನ್ನು ಅಧ್ಯಕ್ಷರಾಗಿ ಕೂರಲು ಬಿಡಲಿಲ್ಲ. ನಾಮಪತ್ರ ಹಾಕದಂತೆ ತಡೆದರು. ಇಲ್ಲದಿದ್ದರೆ ತಾವು ಹೇಳಿದಂತೆ ಕೇಳುವ ಒಬ್ಬರನ್ನು ನಿಲ್ಲಿಸಿ, ಗೆದ್ದ ಕೂಡಲೇ ರಾಜೀನಾಮೆ ಕೊಡಿಸಿದರು. 2006ರ ಅಕ್ಟೋಬರ್‌ನಲ್ಲಷ್ಟೇ ಅಲ್ಲಿ ಸರಿಯಾದ ಚುನಾವಣೆ ನಡೆಯಿತು.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಅಲ್ಲಿ ಬೆದರಿಸಿ ಮಾಡಿದ ಕೆಲಸವನ್ನು ಇವತ್ತು ದುಡ್ಡು ಮಾಡುತ್ತೆ. ಯಾರೋ ಕಾಂಟ್ರಾಕ್ಟರು, ಯಾರೋ ಜಮೀನು ವ್ಯಾಪಾರದವರು, "ನೀನು ನಿಲ್ಲಪ್ಪ, ಖರ್ಚು ನಮ್ಮದು" ಅಂತಾರೆ. ಗೆದ್ದ ಮೇಲೆ ಹೆಸರು ನಮ್ಮ ಹುಡುಗನದು, ತೀರ್ಮಾನ ಅವರದು. ಹೋಗಲಿ, ಸ್ವಂತ ಸಾಲ ಮಾಡಿ ನಿಂತ ಅಂತಾನೇ ಇಟ್ಕೊಳ್ಳಿ. ಓಟಿಗೆ ಇಷ್ಟು ಅಂತ ಹಂಚಿದವನು ಅದನ್ನು ಎಲ್ಲಿಂದ ವಾಪಸ್ ತೆಗೀತಾನೆ? ನಮ್ಮ ಚರಂಡಿಯ ಸಿಮೆಂಟಿನಿಂದ, ನಮ್ಮ ಬೀದಿಯ ಬಲ್ಬಿನಿಂದ. ಜೂಜಿಗೆ ಕೂತವನು ಅವನು, ಪಣಕ್ಕೆ ಇಟ್ಟಿದ್ದು ನಮ್ಮ ಬೀದಿ.

ಕಾನೂನು ಏನು ಹೇಳುತ್ತೆ ಅಂತಾನೂ ತಿಳ್ಕೊಳ್ಳಿ. ಓಟಿಗಾಗಿ ದುಡ್ಡು ಕೊಡೋದೂ ಅಪರಾಧ, ತಗೊಳ್ಳೋದೂ ಅಪರಾಧ. ಒಂದು ವರ್ಷದವರೆಗೆ ಜೈಲು ಆಗಬಹುದು. 2022ರಲ್ಲಿ ಪಾಲಿಕೆ ವಾರ್ಡಿನ ಅಭ್ಯರ್ಥಿ ಮಾಡಬಹುದಾಗಿದ್ದ ಖರ್ಚು 85,000 ರೂಪಾಯಿ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕವನ್ನು ಅಧಿಕಾರಿಗೆ ಕೊಟ್ಟರೆ ಸಾಲದು, ಓಟು ಹಾಕಿದ ಬೀದಿಯ ಜನರ ಮುಂದೆಯೂ ಓದಬೇಕು ಅಂತ ನನ್ನ ಮಾತು.

"ನೀನು ಹೇಳೋದು ಚೆನ್ನಾಗಿದೆ ತಮ್ಮಾ, ಎದುರಿನವರು ಕವರ್ ಹಂಚುವಾಗ ಬರಿಗೈಲಿ ಹೋದ್ರೆ ಗೆಲ್ತೀವಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಗೆದ್ದೇ ಗೆಲ್ತೀರಿ ಅಂತ ನಾನು ಸುಳ್ಳು ಹೇಳಲ್ಲ. ಆದರೆ ವಾರ್ಡು ಅಂದ್ರೆ ಎಂಎಲ್ಎ ಕ್ಷೇತ್ರ ಅಲ್ಲ. ಸಂಜೆ ಹೊತ್ತು ನಡೆದೇ ಪ್ರತಿ ಮನೆಗೂ ಹೋಗಬಹುದು. ಚುನಾವಣೆಗೆ ಎರಡು ವರ್ಷ ಮುಂಚೆಯಿಂದಲೇ ಮುದುಕರ ಪಿಂಚಣಿ ಅರ್ಜಿ, ಮಕ್ಕಳ ಜಾತಿ ಪ್ರಮಾಣಪತ್ರ, ರೇಷನ್ ಕಾರ್ಡು ಅಂತ ಜನರ ಜೊತೆ ಓಡಾಡಿದವನಿಗೆ ಕೊನೇ ದಿನ ಕವರ್ ಬೇಕಾಗಲ್ಲ. ಹಾಗೆ ಓಡಾಡಿದವನು ಸೋತರೂ ಸಾಲಗಾರನಾಗಲ್ಲ. ಮರುದಿನ ತಲೆ ಎತ್ತಿ ಅದೇ ಬೀದೀಲಿ ನಡೀತಾನೆ.

ಆದ್ದರಿಂದ ನಮ್ಮ ಸಂಘದಿಂದ ಯಾರೇ ನಿಂತರೂ, ಯಾವ ಪಕ್ಷದಿಂದ ನಿಂತರೂ, ಈ ಐದು ಮಾತು ಒಪ್ಪಬೇಕು.

ಒಂದು, ದುಡ್ಡು, ಸೀರೆ, ಬಿರಿಯಾನಿ, ಬಾಟಲಿ ಹಂಚಬಾರದು. ಹಂಚೋಕೆ ನಮ್ಮ ಹುಡುಗರನ್ನು ಕೂಲಿಗೆ ಕರೀಬಾರದು.

ಎರಡು, ಖರ್ಚಿಗೆ ಯಾರು ಎಷ್ಟು ಕೊಟ್ಟರು ಅಂತ ಬಚ್ಚಿಡಬಾರದು.

ಮೂರು, ನಮ್ಮವರೇ ಇಬ್ಬರು ಎದುರುಬದುರು ನಿಂತರೆ ಕೆಲಸದ ಬಗ್ಗೆ ಟೀಕೆ ಮಾಡಲಿ. ಮನೆ ಹೆಂಗಸರ ವಿಷಯ, ಒಳಜಾತಿ, ಆಡುವ ಭಾಷೆ ಎತ್ತಬಾರದು. ಕನ್ನಡ, ತೆಲುಗು, ತಮಿಳು ಮೂರೂ ಆಡುವ ಊರು ನಮ್ಮದು. ಒಂದು ಸಲ ಒಡೆದರೆ ಐದು ವರ್ಷಕ್ಕೂ ಕೂಡಲ್ಲ.

ನಾಲ್ಕು, ಮಹಿಳಾ ಸ್ಥಾನಕ್ಕೆ ನಿಂತ ಅಕ್ಕನೇ ಪ್ರಚಾರ ಮಾಡಬೇಕು, ಸಭೇಲಿ ಅವರೇ ಮಾತಾಡಬೇಕು. ಗಂಡ ಸಹಾಯ ಮಾಡಲಿ, ಕುರ್ಚಿ ಹಿಡೀಬಾರದು. 2020ರಲ್ಲಿ ಕಡಲೂರು ಜಿಲ್ಲೆಯ ತೆರ್ಕುತಿಟ್ಟೈ ಪಂಚಾಯಿತಿಯ ದಲಿತ ಅಧ್ಯಕ್ಷೆಯನ್ನು ಸಭೆಯಲ್ಲಿ ನೆಲದ ಮೇಲೆ ಕೂರಿಸಿದ್ದ ಫೋಟೋ ನಾಡೆಲ್ಲ ನೋಡಿತು. ಹೊರಗಿನವರು ಮಾಡಿದ್ದಕ್ಕೆ ನಮಗೆ ಸಿಟ್ಟು ಬಂತು. ಮನೆಯವರೇ ಆ ಕುರ್ಚಿ ಕಿತ್ಕೊಂಡ್ರೆ ಸಿಟ್ಟು ಬರಬೇಡವಾ?

ಐದು, ಗೆದ್ದವರು ವರ್ಷಕ್ಕೆ ಎರಡು ಸಲ ಸಂಘದ ಮುಂದೆ ಬಂದು, ಏನು ಕೆಲಸ ಆಯ್ತು, ಏನು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಹೇಳಬೇಕು. ಓಟು ಹಾಕದ ಬೀದಿಗೂ ನೀರು ಬಿಡಿಸಬೇಕು.

ಈ ಮಾತು ಅಭ್ಯರ್ಥಿಗೆ ಮಾತ್ರ ಅಲ್ಲ. ಕೈ ಚಾಚುವವರು ಇದ್ದರೆ ಕೊಡುವವರು ಹುಟ್ಟಿಕೊಳ್ತಾರೆ. ತಾಯಂದಿರೇ, ಕೊಟ್ಟ ದುಡ್ಡನ್ನು ಐದು ವರ್ಷದ ದಿನಗಳಿಗೆ ಹಂಚಿ ನೋಡಿ. ದಿನಕ್ಕೆ ಒಂದು ಟೀ ದುಡ್ಡೂ ಆಗಲ್ಲ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಒಂದು ಎಚ್ಚರಿಕೆ ಕೊಟ್ಟರು. ರಾಜಕೀಯದಲ್ಲಿ ಎಲ್ಲರ ಓಟಿಗೂ ಒಂದೇ ಬೆಲೆ ಇರುತ್ತೆ, ಬದುಕಿನಲ್ಲಿ ಆ ಸಮಾನತೆ ಇರಲ್ಲ, ಈ ವಿರೋಧವನ್ನು ಬೇಗ ತೊಲಗಿಸಬೇಕು ಅನ್ನೋದು ಅದರ ಸಾರ. ಹೊಲ, ಸೈಟು, ಫ್ಯಾಕ್ಟರಿ ಇರುವವನಿಗೂ ಸಿಪ್ಕಾಟ್‌ನಲ್ಲಿ ದಿನಗೂಲಿ ಮಾಡುವ ನಮ್ಮಣ್ಣನಿಗೂ ಸಮಾನವಾಗಿ ಸಿಕ್ಕಿರೋದು ಈ ಒಂದು ಓಟು. ಅದನ್ನೂ ಮಾರಿಬಿಟ್ಟರೆ ಆ ಬದುಕನ್ನು ಬದಲಾಯಿಸೋಕೆ ನಮ್ಮ ಕೈಯಲ್ಲಿ ಏನು ಉಳಿಯುತ್ತೆ?

ಮುಂದಿನ ಚುನಾವಣೆಗೆ ನಿಲ್ಲಬೇಕು ಅಂತ ಮನಸ್ಸಲ್ಲಿ ಇಟ್ಕೊಂಡಿರೋ ಅಣ್ಣಂದಿರು, ಅಕ್ಕಂದಿರು ಈ ಸಭೆಯಲ್ಲೇ ಇದ್ದೀರಿ. ಈ ಐದು ಮಾತನ್ನು ಒಂದು ಹಾಳೇಲಿ ಬರೆದು ಸಹಿ ಹಾಕಿ ಸಂಘದ ಗೋಡೆಗೆ ಅಂಟಿಸಿ. ನಿಮ್ಮ ಪರವಾಗಿ ಮನೆಮನೆಗೆ ನಡೆಯೋಕೆ ನಾನು ಬರ್ತೀನಿ, ಕೂಲಿ ಬೇಡ.

ಜೈಭೀಮ್.